ಮನೆಯ ಬೆಲೆ ಕೇಳಿದ ಸಂಶೋಧಕ

ಗೆಳೆಯರೇ, ದೊಡ್ಡ ಊರುಗಳ ಬ್ಯಾಂಕುಗಳ ಬಗ್ಗೆ, ಮನೆಗಳ ಬೆಲೆಯ ಬಗ್ಗೆ ಸಂಶೋಧನೆ ಮಾಡುತ್ತಿರುವ ಮುಂಬಯಿಯ ವಾಣಿಜ್ಯ ಕಾಲೇಜಿನ ತರುಣನೊಬ್ಬನನ್ನು ಇವತ್ತು ನಮ್ಮೂರಿನ ಕಮರಿಪೇಟೆಗೆ ಕರೆದೊಯ್ದೆ. ತಪ್ಪು ನನ್ನದೇ. ಅರಳೆ ವ್ಯಾಪಾರಿ ಚನ್ನಬಸಪ್ಪನವರ ಕಟ್ಟೆಯ ಮೇಲೆ ನಿಂತು ಅವನು ಓಣಿಗೆಲ್ಲ ಕೇಳುವಂತೆ, "ಈ ಮನೆ ಇವತ್ತು ಮಾರಿದರೆ ಎಷ್ಟು ಬರುತ್ತದೆ?" ಎಂದ. ನಮ್ಮಲ್ಲಿ ಮಾರಾಟಕ್ಕಿಟ್ಟ ಮನೆಗೆ ಮಾತ್ರ ಬೆಲೆ ಕೇಳುತ್ತಾರೆ. ತಾಸಿನೊಳಗೆ ಮೂವರು ದಲಾಲರು ಬಂದರು. ಚನ್ನಬಸಪ್ಪನವರ ಮಗಳನ್ನು ನೋಡಲು ಧಾರವಾಡದಿಂದ ಬಂದ ವರನ ಕಡೆಯವರು ಒಳಗೇ ಕುಳಿತಿದ್ದರು.

"ಮನಿ ಮಾರಾಟಕ್ಕ ಐತಿ ಅಂತ ಮೊದಲ ಹೇಳಬೇಕಿತ್ರಿ," ಎಂದು ವರನ ತಂದೆ ಎದ್ದರು.

"ಮಾರಾಕ ನನಗೇನ ಧಾಡಿ ಆಗೇತ್ರಿ? ಈ ಪುಣ್ಯಾತ್ಮ ಬರೇ ಬರಕೊಳ್ಳಾಕ ಬಂದಾನ್ರಿ!" ಎಂದು ಚನ್ನಬಸಪ್ಪನವರು ಕೂಗಿಕೊಂಡರೂ ಬಂದವರ ಟಾಂಗಾ ನಿಲ್ಲಲಿಲ್ಲ.

ತರುಣ ದಲಾಲರನ್ನು ಎಣಿಸಿ ಬರೆದುಕೊಂಡ: "ಕಮರಿಪೇಟೆಯಲ್ಲಿ ಮನೆಗಳಿಗೆ ಒಳ್ಳೆಯ ಬೇಡಿಕೆಯಿದೆ."