ಹನ್ನೊಂದು ಮಂದಿ ಮತ್ತು ಅತ್ತೆಯವರು

ನೋಮ್ಯಾಟರ್ ಚಿಕೋವೋರೆ ಹುಟ್ಟಿದ ದಿನ ಅವನಪ್ಪ ಹ್ವಾಂಗೆಯ ಕಲ್ಲಿದ್ದಲು ಗಣಿಯಿಂದ ಪಾಳಿ ಮುಗಿಸಿ ಬಂದು ಆಸ್ಪತ್ರೆಯ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ. "ಇದೂ ಗಂಡೇ, ಐದನೇದು" ಎಂದು ದಾದಿ ಬಂದು ಹೇಳಿದಳು. ಈ ಸಲವಾದರೂ ಹೆಣ್ಣಾಗಲಿ ಎಂದು ಕಾದಿದ್ದ ಅಪ್ಪ ಸೋಪಿನ ನೊರೆಯೊಳಗಿನಿಂದಲೇ "ನೋ ಮ್ಯಾಟರ್" ಎಂದ. ದಾದಿ ಅದನ್ನೇ ರಿಜಿಸ್ಟರಿನಲ್ಲಿ ಬರೆದುಕೊಂಡಳು. ಲವ್‌ಮೋರ್, ಗಾಡ್‌ನೋಸ್, ಲರ್ನ್‌ಮೋರ್ ಎಂಬ ಹೆಸರಿನವರೆಲ್ಲ ಒಂದೇ ಬೆಂಚಿನಲ್ಲಿ ಕೂತು ಓದುವ ಊರಿನಲ್ಲಿ ಅದು ಯಾರಿಗೂ ದೊಡ್ಡ ಮ್ಯಾಟರ್ ಆಗಲಿಲ್ಲ.

ಹದಿನಾರಕ್ಕೆ ಟೈರು ರಿಪೇರಿ ಅಂಗಡಿ ಸೇರಿದ. ಇಪ್ಪತ್ತೆಂಟಕ್ಕೆ ವಿಕ್ಟೋರಿಯಾ ಫಾಲ್ಸ್ ಊರಿನ ಗಂಬೀಜಾ ಎಂಬವನ ಪ್ರವಾಸದ ಗಾಡಿಗೆ ಸಹಾಯಕನಾದ. ಗಾಡಿ ಎಂದರೆ ಲಾರಿಗೆ ಬಸ್ಸಿನ ಮೈ ಕೂರಿಸಿದ್ದು. ಹೊಟ್ಟೆಯ ಎರಡೂ ಬದಿಗೆ ಡೇರೆ, ಒಲೆ, ಕುರ್ಚಿ ತುಂಬುವ ಗೂಡುಗಳು. ಬೋಟ್ಸ್ವಾನಾ, ನಮೀಬಿಯಾ ಹಾದು ಕೇಪ್‌ಟೌನಿನವರೆಗೆ ಇಪ್ಪತ್ತು ದಿನದ ದಾರಿ. ಎಂಟು ವರ್ಷ ನೋಮ್ಯಾಟರ್ ಡೇರೆಯ ಗೂಟ ಬಡಿದ, ಮರಳಿನಲ್ಲಿ ಹೂತ ಚಕ್ರ ತೋಡಿ ತೆಗೆದ, ಡೇರೆಯ ಜಿಪ್ಪು ತೆಗೆಯಲಾಗದೆ ಒಳಗಿನಿಂದ ಕೂಗುವ ಸಾಹೇಬರುಗಳನ್ನು ಬಿಡಿಸಿದ. ಈಗ ಮೂವತ್ತಾರಕ್ಕೆ, ಮೊತ್ತಮೊದಲ ಬಾರಿ, ಸ್ಟೀರಿಂಗು ಕೈಗೆ ಬಂದಿತ್ತು. ಅದೂ ಪರೀಕ್ಷೆಗೆ.

"ನೋಡು ತಮ್ಮಾ," ಎಂದಿದ್ದ ಗಂಬೀಜಾ, "ಸುಸೂತ್ರವಾಗಿ ಕೇಪ್‌ಟೌನ್ ಮುಟ್ಟಿಸಿದ್ರೆ ಗಾಡಿ ನಿಂದು. ಒಂದೇ ಒಂದು ದೂರು ಬಂತೋ, ಮೌನ್ ಊರಲ್ಲಿ ಇನ್ನೊಬ್ಬ ಡ್ರೈವರ್ ರೆಡಿ ಕೂತಿದ್ದಾನೆ. ನೀನು ವಾಪಸ್ ಬಂದು ಟೈರು ಬಿಚ್ತಾ ಇರು."

ಇಷ್ಟಾಗಿದ್ದರೆ ಚಿಂತೆಯಿರಲಿಲ್ಲ. ಹೊರಡುವ ಹಿಂದಿನ ದಿನ ಅಡುಗೆಯವನಿಗೆ ಮಲೇರಿಯಾ ಬಂತು. ಗಂಬೀಜಾ ಫೋನಿನ ಮೇಲೆ ಫೋನು ಮಾಡಿ ಸೋತಾಗ, ನೋಮ್ಯಾಟರನ ಹೆಂಡತಿ ಚೆನಾಯಿ ಮಗುವಿಗೆ ಗಂಜಿ ಕುಡಿಸುತ್ತಲೇ ಹೇಳಿದಳು: "ನಮ್ಮಮ್ಮ ಇದಾರಲ್ಲ. ಮಿಷನ್ ಹಾಸ್ಟೆಲಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿದೋರು. ರಿಟೈರಾಗಿ ಕೂತು ಬೇಜಾರಾಗಿದೆ. ಸಮುದ್ರ ನೋಡಬೇಕು ಅಂತಾನೂ ಇದ್ರು."

"ಲೇ, ಅವರು ನನಗೆ ಅತ್ತೆ ಕಣೇ!"

"ನನಗೆ ಅಮ್ಮ. ಏನೀಗ?"

ಏನೀಗ ಎಂದರೆ ಬಹಳ ಇತ್ತು. ಅವರ ಶೋನಾ ಜನರಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡಿ ಮಾತಾಡುವಂತಿಲ್ಲ, ಕೈ ಕುಲುಕುವಂತಿಲ್ಲ, ಎದುರು ಕೂತು ಉಣ್ಣುವಂತಿಲ್ಲ, ಹೆಸರೆತ್ತುವುದಂತೂ ದೂರವೇ ಉಳಿಯಿತು. ಎದುರಾದರೆ ದೂರದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಮೆಲ್ಲಗೆ ಚಪ್ಪಾಳೆ ತಟ್ಟಿ ಗೌರವ ಸಲ್ಲಿಸಬೇಕು. ಅತ್ತೆಯೂ ಅಷ್ಟೇ, ಅಳಿಯನ ಕಡೆ ನೇರ ನೋಡಬಾರದು. ಮದುವೆಯಾಗಿ ಒಂಬತ್ತು ವರ್ಷ, ನೋಮ್ಯಾಟರ್ ತನ್ನ ಅತ್ತೆಯ ಪಾದಗಳನ್ನು ಮಾತ್ರ ಚೆನ್ನಾಗಿ ಬಲ್ಲವನಾಗಿದ್ದ. ಬೇರೆ ಬೇರೆ ಊರಿನಲ್ಲಿದ್ದುಕೊಂಡು ಈ ಮರ್ಯಾದೆ ನಡೆಸುವುದು ಸುಲಭ. ಒಂದೇ ಗಾಡಿಯಲ್ಲಿ, ಒಂದೇ ಒಲೆಯ ಪಕ್ಕ, ಡೇರೆಗೆ ಡೇರೆ ತಾಗಿಸಿಕೊಂಡು ಇಪ್ಪತ್ತು ದಿನ? ಆನೆ ಅಡ್ಡ ಬಂದರೆ ಎಂಜಿನ್ನು ಆರಿಸಿ ಸುಮ್ಮನಿರಬೇಕೆಂದು ಅವನಿಗೆ ಗೊತ್ತಿತ್ತು. ಅತ್ತೆ ಅಡ್ಡ ಬಂದರೆ ಏನು ಆರಿಸಬೇಕು?

ಅತ್ತೆ ಬಂದರು. ಊರವರ ಬಾಯಲ್ಲಿ ಅವರು ಮಾಯ್ ಚೆನಾಯಿ, ಅಂದರೆ ಚೆನಾಯಿಯ ಅವ್ವ. ಅಗಲವಾದ ಮೈ, ತಲೆಗೆ ಹಸಿರು ವಸ್ತ್ರ, ಸೊಂಟದ ಬಟ್ಟೆಯ ಗಂಟಿನಲ್ಲಿ ಫ್ರಿಜ್ಜಿನ ಬೀಗದ ಕೈ. ಗಾಡಿಯ ಕಟ್ಟಕಡೆಯ ಸೀಟಿನಲ್ಲಿ, ಈರುಳ್ಳಿ ಮೂಟೆಯ ಹಿಂದೆ, ಕಿಟಕಿಯ ಕಡೆ ಮುಖ ಮಾಡಿ ಕೂತರು. ಡ್ರೈವರನ ಸೀಟಿಗೂ ಅದಕ್ಕೂ ಗಾಡಿಯಲ್ಲಿ ಸಾಧ್ಯವಿರುವಷ್ಟು ದೂರ.

ಮೊದಲ ಸಂಜೆಯೇ, ಗಡಿ ದಾಟಿ ಬೋಟ್ಸ್ವಾನಾದ ಕಸಾನೆಯ ಕ್ಯಾಂಪಿನಲ್ಲಿ, ಗ್ಯಾಸ್ ಸಿಲಿಂಡರು ಖಾಲಿಯಾಯಿತು. ಮಾಯ್ ಚೆನಾಯಿ ಒಲೆಯ ಮುಂದೆ, ನೋಮ್ಯಾಟರ್ ಮೂರು ಮಾರು ಆಚೆ. ಇಬ್ಬರೂ ಬೇರೆ ಬೇರೆ ಮರಗಳನ್ನು ದಿಟ್ಟಿಸುತ್ತ ನಿಂತರು. ಕೊನೆಗೆ ಮಾಯ್ ಚೆನಾಯಿ, ಕುರ್ಚಿಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಅತಿಥಿ, ಬ್ರೆಮೆನ್ನಿನ ಹನ್ನೆಲೋರೆಯನ್ನು ಕರೆದರು.

"ಏನಮ್ಮಾ ಹನ್ನಾ, ಅಳಿಯಂದಿರಿಗೆ ಹೇಳು, ಗ್ಯಾಸ್ ಮುಗೀತು ಅಂತ."

"ಅವರು ಇಲ್ಲೇ ನಿಂತಿದ್ದಾರಲ್ಲ!"

"ನಿಂತಿರಬಹುದು. ನಾನು ನೋಡಿಲ್ಲ."

ಹನ್ನೆಲೋರೆ ಮೂವತ್ತೈದು ವರ್ಷ ಸೈಕಲ್ಲಿನಲ್ಲಿ ಅಂಚೆ ಹಂಚಿದ ಹೆಂಗಸು. ಕೆಲಸದ ಮರ್ಮ ಅವಳಿಗೆ ತಕ್ಷಣ ಅರ್ಥವಾಯಿತು. ಎದ್ದು ಮೂರು ಹೆಜ್ಜೆ ನಡೆದು, "ಗ್ಯಾಸ್ ಮುಗೀತು" ಎಂದಳು. "ತರ್ತೀನಿ ಅಂತ ಹೇಳಿ" ಎಂದ ನೋಮ್ಯಾಟರ್. ಮತ್ತೆ ಮೂರು ಹೆಜ್ಜೆ. "ತರ್ತಾರಂತೆ." ಅಂದಿನಿಂದ ಗಾಡಿಯ ಒಳನಾಡು ಅಂಚೆ ಅವಳ ಪಾಲಾಯಿತು.

ನೋಮ್ಯಾಟರ್ ಊಟ ಮಾಡುತ್ತಿದ್ದುದು ಹಿಂದಿನ ಚಕ್ರದ ಮರೆಯಲ್ಲಿ. ಅತ್ತೆಯ ಕೈಯ ಮೆಕ್ಕೆಜೋಳದ ಮುದ್ದೆ, ಶೇಂಗಾ ಅರೆದು ಹಾಕಿದ ಸೊಪ್ಪು, ಒಣಮೀನು. ರುಚಿಗೆ ಕಣ್ಣು ಮುಚ್ಚುತ್ತಿದ್ದವು. ಹೊಗಳುವಂತಿಲ್ಲ. ತಟ್ಟೆ ಮಾತ್ರ ನೆಕ್ಕಿದಂತೆ ವಾಪಸು ಹೋಗುತ್ತಿತ್ತು. ಸಿಡ್ನಿಯಿಂದ ಬಂದಿದ್ದ ಗ್ಯಾರೆತ್, ಕೈಯಲ್ಲಿ ಸದಾ ಫೋನು ಹಿಡಿದವನು, ಇದನ್ನು ನೋಡಿ ನೊಂದುಕೊಂಡ. "ಪಾಪ, ಡ್ರೈವರನ್ನ ನಾಯಿ ಥರ ಚಕ್ರದ ಹಿಂದೆ ಕೂರಿಸ್ತಾರೆ" ಎಂದು ಕಂಪನಿಗೆ ಬರೆಯಲು ಹೊರಟಿದ್ದ. ಹನ್ನೆಲೋರೆ ತಡೆದಳು: "ಅದು ಶಿಕ್ಷೆ ಅಲ್ಲ ಮಾರಾಯ, ಮರ್ಯಾದೆ."

ಮೂರನೆಯ ದಿನ ಕಸಾನೆಯಿಂದ ನಾಟಾಕ್ಕೆ ದಾರಿ. ಮುನ್ನೂರು ಕಿಲೋಮೀಟರು, ಎರಡೂ ಬದಿಗೆ ಕುರುಚಲು ಕಾಡು, ಆನೆಗಳು ಸರ್ಕಾರಿ ನೌಕರರ ಹಾಗೆ ನಿಧಾನವಾಗಿ ರಸ್ತೆ ದಾಟುವ ಜಾಗ. ಪಾಂಡಮಟೆಂಗದ ಜೋಳದ ಹೊಲಗಳು ಮುಗಿದ ಮೇಲೆ ನೋಮ್ಯಾಟರ್ ಗಾಡಿ ನಿಲ್ಲಿಸಿದ. "ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ದೂರ ಹೋಗಬೇಡಿ, ಹಾಡು ಹೇಳಿಕೊಂಡು ಹೋಗಿ, ಆನೆಗೆ ಗೊತ್ತಾಗಲಿ." ಎಂಟು ವರ್ಷ ಹೇಳಿದ್ದೇ ಇದು. ಹೇಳಿ, ಬಲಕ್ಕೆ ತಿರುಗದಂತೆ ಕುತ್ತಿಗೆಯನ್ನು ಬಿಗಿಹಿಡಿದು ನಿಂತ.

ಎಲ್ಲರೂ ಹತ್ತಿದ ಮೇಲೆ ಎಣಿಕೆ. ಬಾಗಿಲಲ್ಲಿ ನಿಂತು ಒಬ್ಬೊಬ್ಬರತ್ತ ಬೆರಳು ತೋರಿಸಿ ಎಣಿಸುವುದು ವಾಡಿಕೆ. ಹನ್ನೊಂದು ಮಂದಿ ಅತಿಥಿಗಳು. ಅತ್ತೆಯತ್ತ ಬೆರಳು ತೋರಿಸುವುದುಂಟೆ? ದನ ಎಣಿಸಿದ ಹಾಗಾಗುತ್ತದೆ. ಎರಡು ದಿನವೂ ಹನ್ನೆಲೋರೆ ಅತ್ತ ಒಮ್ಮೆ ನೋಡಿ, "ಅತ್ತೆಯವರು ಹತ್ತಿದ್ದಾರೆ" ಎಂದು ವರದಿ ಕೊಟ್ಟಿದ್ದಳು. ಇವತ್ತು ಅವಳು ವಾಂತಿಯ ಮಾತ್ರೆ ನುಂಗಿ, ಮುಖದ ಮೇಲೆ ಟೋಪಿ ಹಾಕಿ, ಗೊರಕೆ ಹೊಡೆಯುತ್ತಿದ್ದಳು.

ನೋಮ್ಯಾಟರ್ ಹನ್ನೊಂದು ಎಣಿಸಿ ಕಾದ. ಈರುಳ್ಳಿ ಮೂಟೆಯ ಹಿಂದೆ ಹಸಿರು ಏನೋ ಕಂಡಂತಾಯಿತು. ತಲೆಯ ವಸ್ತ್ರವೋ, ಎಲೆಕೋಸೋ? ಇಣುಕಿ ನೋಡುವಂತಿಲ್ಲ. "ಅತ್ತೆಯವರು ಬಂದ್ರಾ?" ಎಂದು ಕೂಗಿ ಕೇಳಿದರೆ, ಅವರು ಎಲ್ಲಿಗೆ ಹೋಗಿದ್ದರು, ಯಾತಕ್ಕೆ ಹೋಗಿದ್ದರು ಎಂಬುದು ಅಳಿಯನ ಬಾಯಲ್ಲಿ ಬಂದ ಹಾಗಾಯಿತು. ಅದಕ್ಕಿಂತ ನಾಲಗೆ ಬಿದ್ದುಹೋಗುವುದು ಮೇಲು. ಹತ್ತು ನಿಮಿಷ ಹಾಗೆಯೇ ನಿಂತ.

"ಎಲ್ಲಾ ಬಂದಾಯ್ತಲ್ಲ, ಹೊರಡಪ್ಪಾ! ಬೆಂದೋಗ್ತಿದೀವಿ!" ಎಂದ ಗ್ಯಾರೆತ್.

ಎಲ್ಲಾ ಬಂದಾಯ್ತು ಎಂದು ಬೇರೆಯವರ ಬಾಯಿಂದ ಬಂದಿತಲ್ಲ, ನೋಮ್ಯಾಟರನಿಗೆ ಅಷ್ಟೇ ಸಾಕಿತ್ತು. ಹೊರಟ.

ಎಪ್ಪತ್ತು ಕಿಲೋಮೀಟರು ಆಚೆ ಪಶುವೈದ್ಯ ಇಲಾಖೆಯ ಗೇಟು. ದನಗಳ ಕಾಲುಬಾಯಿ ರೋಗ ಹರಡದಂತೆ ಎಲ್ಲರೂ ಇಳಿದು ಔಷಧಿ ನೀರಿನ ಚಾಪೆಯ ಮೇಲೆ ಬೂಟು ತುಳಿಯಬೇಕು, ಹಸಿ ಮಾಂಸ ಇದ್ದರೆ ಒಪ್ಪಿಸಬೇಕು. ಅಧಿಕಾರಿ ಫ್ರಿಜ್ಜಿನ ಮುಂದೆ ನಿಂತ.

"ಬೀಗ ತೆಗೀರಿ."

"ಬೀಗದ ಕೈ ಅಡುಗೆಯವರ ಹತ್ರ."

"ಅಡುಗೆಯವರು ಎಲ್ಲಿ?"

ನೋಮ್ಯಾಟರ್ ಹನ್ನೆಲೋರೆಯ ಕಡೆ ನೋಡಿದ. ಆಗತಾನೆ ಎದ್ದ ಹನ್ನೆಲೋರೆ ಕೊನೆಯ ಸೀಟಿನ ಕಡೆ ನೋಡಿದಳು. ಅಲ್ಲಿ ಎಲೆಕೋಸು ಇತ್ತು.

ಆಮೇಲೆ ಗಾಡಿ ವಾಪಸು ಹೊರಟ ವೇಗವನ್ನು ಮಾಲೀಕ ನೋಡಿದ್ದರೆ ಅಲ್ಲೇ ಕೆಲಸದಿಂದ ತೆಗೆಯುತ್ತಿದ್ದ. ನೋಮ್ಯಾಟರನ ತಲೆಯಲ್ಲಿ ಸಿಂಹ, ಆನೆ, ಚೆನಾಯಿ ಮೂವರೂ ಒಟ್ಟಿಗೆ ಘರ್ಜಿಸುತ್ತಿದ್ದರು. ಗಾಡಿ ಹೋಯಿತು, ಅದು ಖಚಿತ. ಮನೆಯೂ ಹೋಯಿತು. ಅತ್ತೆಯ ಸಲುವಾಗಿ ಅತ್ತ ಅಳಿಯ ಬೋಟ್ಸ್ವಾನಾದಲ್ಲಿ ಅವನೇ ಮೊದಲಿಗನಿರಬೇಕು. ತೋಳಿನಿಂದ ಕಣ್ಣೊರೆಸಿಕೊಂಡು ಗೇರು ಬದಲಿಸುತ್ತಿದ್ದ.

ಹತ್ತು ಕಿಲೋಮೀಟರು ಹೋಗಿರಬೇಕು, ಎದುರಿಗೆ ಪಾಂಡಮಟೆಂಗದ ಕಡೆಯ ಜೋಳದ ಲಾರಿ ಬಂತು. ಡ್ರೈವರನ ಪಕ್ಕದಲ್ಲಿ ಹಸಿರು ತಲೆವಸ್ತ್ರ! ನೋಮ್ಯಾಟರ್ ಹಾರ್ನ್ ಒತ್ತಿದ. ಲಾರಿ ಹತ್ತಿರ ಬಂದಾಗ ಹಸಿರು ತಲೆವಸ್ತ್ರ, ಮರ್ಯಾದೆ ಬಿಡದೆ, ಮುಖವನ್ನು ಆಚೆ ತಿರುಗಿಸಿಕೊಂಡಿತು. ಲಾರಿ ಹಾದುಹೋಯಿತು. ಅಂಥ ಉದ್ದನೆಯ ಗಾಡಿ ತಿರುಗಿಸಲು ಜಾಗ ಸಿಗಬೇಕಾದರೆ ಇನ್ನೂ ಎರಡು ಮೈಲಿ ಹೋಗಬೇಕಾಯಿತು.

ಮತ್ತೆ ಗೇಟು ಮುಟ್ಟುವ ಹೊತ್ತಿಗೆ ಮಾಯ್ ಚೆನಾಯಿ ಅಧಿಕಾರಿಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಸುತ್ತ ನಾಲ್ಕು ಜನ ನಗುತ್ತಿದ್ದರು. ಗಾಡಿಯ ಮರೆಯಲ್ಲಿ ನಿಂತ ನೋಮ್ಯಾಟರನಿಗೆ ಎಲ್ಲ ಕೇಳಿಸಿತು.

"ಅಲ್ಲಮ್ಮಾ, ಗಾಡಿ ಹೊರಟಾಗ ಕೂಗೋದಲ್ವಾ?" ಎಂದ ಅಧಿಕಾರಿ.

"ಏನಂತ ಕೂಗ್ಲಪ್ಪಾ? ಅಳಿಯನ ಹೆಸರು ಹಿಡ್ದು ಕೂಗಕ್ಕಾಗತ್ತಾ?"

"ಓಡೋದಲ್ವಾ?"

"ಸೊಂಟದ ಬಟ್ಟೆ ಮೇಲೆತ್ತಿಕೊಂಡು, ಅಳಿಯನ ಕನ್ನಡಿ ಮುಂದೆ? ಆನೆ ತುಳಿದ್ರೆ ತುಳೀಲಿ ಅಂದ್ಕೊಂಡೆ. ಅದು ಬಂತೂ ಕೂಡ. ನಿಂತು ನೋಡ್ತು. ನಾನೂ ನೋಡ್ದೆ. ಅದೇನು ನನ್ನ ಅಳಿಯನಾ, ಮುಖ ತಿರುಗಿಸ್ಕೊಳ್ಳಕ್ಕೆ?"

ನೋಮ್ಯಾಟರ್ ಮರೆಯಿಂದ ಹೊರಬಂದು, ಹತ್ತು ಮಾರು ದೂರದಲ್ಲಿ, ಧೂಳಿನಲ್ಲಿ ಕುಕ್ಕರುಗಾಲಿನಲ್ಲಿ ಕೂತ. ತಲೆ ತಗ್ಗಿಸಿ, ಅಂಗೈಗೆ ಅಂಗೈ ನೇರ ಜೋಡಿಸಿ ಚಪ್ಪಾಳೆ ತಟ್ಟತೊಡಗಿದ. ತಪ್ಪಾಯಿತು, ತಪ್ಪಾಯಿತು ಎಂದು ಆ ಕೈಗಳು ಹೇಳುತ್ತಿದ್ದವು. ಗಾಡಿಯಿಂದ ಇಳಿದ ಹತ್ತು ಮಂದಿ, ಅತ್ತೆಯವರು ಸುರಕ್ಷಿತವಾಗಿ ಸಿಕ್ಕ ಸಂತೋಷವೆಂದು ತಿಳಿದು, ತಾವೂ ಜೋರಾಗಿ ಚಪ್ಪಾಳೆ ಹೊಡೆದರು. ಗ್ಯಾರೆತ್ ಸಿಳ್ಳೆ ಹಾಕಿ ಫೋಟೋ ತೆಗೆದ. ಹನ್ನೆಲೋರೆ ಮಾತ್ರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಳು.

"ಹನ್ನಾ," ಎಂದರು ಮಾಯ್ ಚೆನಾಯಿ ಚಹಾದ ಲೋಟಕ್ಕೆ, "ಅಳಿಯಂದಿರಿಗೆ ಏಳಕ್ಕೆ ಹೇಳು. ಮಂಡಿ ನೋವು ಬಂದ್ರೆ ಬ್ರೇಕು ಯಾರು ಒತ್ತೋದು?"

ಸಂಜೆ ನಾಟಾದ ಕ್ಯಾಂಪಿನಲ್ಲಿ ಗಂಬೀಜಾನ ಫೋನು ಬಂತು, ನೋಮ್ಯಾಟರನಿಗಲ್ಲ, ಮಾಯ್ ಚೆನಾಯಿಗೆ. ಗ್ಯಾರೆತ್ತನ ಫೋಟೋ, 'ಕಾಡಿನಲ್ಲಿ ಮರೆತುಬಿಟ್ಟ ಅಡುಗೆಯವರು ಸಿಕ್ಕರು!' ಎಂಬ ಒಕ್ಕಣೆಯೊಂದಿಗೆ, ಆಗಲೇ ಕಂಪನಿಯ ಪುಟ ಸೇರಿತ್ತು. ಕೈಯೆಲ್ಲ ಹಿಟ್ಟಾಗಿದ್ದರಿಂದ ಅವರು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು. ಗಾಡಿಯ ಕೆಳಗೆ ಮಲಗಿ ಗ್ರೀಸು ಹಚ್ಚುತ್ತಿದ್ದ ನೋಮ್ಯಾಟರನ ಕೈ ನಿಂತಿತು.

"ಏನಮ್ಮಾ, ಆನೆ ಬಾಯಿಗೆ ಬಿಟ್ಟು ಹೋದ್ನಂತೆ ನಿಮ್ಮನ್ನ?"

"ಆನೆ ಸೊಪ್ಪು ತಿನ್ನತ್ತೆ."

"ತಮಾಷೆ ಬೇಡ. ಮೌನ್ ಊರಲ್ಲಿ ಇನ್ನೊಬ್ಬ ಡ್ರೈವರ್ ಹತ್ಕೋತಾನೆ. ಇವನ ಮೇಲೆ ನಿಮ್ಮದೊಂದು ಮಾತು ಹೇಳಿ, ಸಾಕು."

"ಅಳಿಯಂದಿರ ಮೇಲೆ ನಾನು ಮಾತಾಡೋ ಹಾಗಿಲ್ಲ. ನೀವೂ ನಮ್ಮೋರೇ ಅಲ್ವಾ? ನಿಮ್ಮ ಅತ್ತೆ ನಿಮ್ಮ ಬಗ್ಗೆ ಯಾರ ಹತ್ರಾನಾದ್ರೂ ಮಾತಾಡಿದಾರಾ?"

ಗಂಬೀಜಾನ ಅತ್ತೆಯ ಬಳಿ ಮಾತಾಡಲು ವಿಷಯಗಳು ಬೇಕಾದಷ್ಟಿದ್ದವೆಂದು ವಿಕ್ಟೋರಿಯಾ ಫಾಲ್ಸಿನಲ್ಲಿ ಎಲ್ಲರಿಗೂ ಗೊತ್ತು.

"ಅಲ್ಲಮ್ಮಾ, ಅದು ಮನೆ ವಿಷಯ. ಇದು ಗಾಡಿ ವಿಷಯ."

"ಸರಿ, ಗಾಡಿ ವಿಷಯ ಕೇಳಿ. ಡ್ರೈವರ್ ಬದಲಾದ್ರೆ ಅಡುಗೆಯವಳೂ ಬದಲಾಗ್ತಾಳೆ. ಯಾರೋ ಗೊತ್ತಿಲ್ದಿರೋ ಗಂಡಸಿನ ಜೊತೆ ನಾನು ಹದಿನೇಳು ದಿನ ಕಾಡಲ್ಲಿ ಇರಲ್ಲ. ಅವನು ಉಪ್ಪು ಜಾಸ್ತಿ ಅಂತಾನೆ, ಗಾಡೀನ ಗುಂಡಿಗೆ ಇಳಿಸ್ದೆ ಅಂತ ನಾನಂತೀನಿ, ಇಬ್ರೂ ದಿನಾ ನಿಮಗೆ ಫೋನ್ ಮಾಡ್ತೀವಿ. ಅಳಿಯ ಆದ್ರೆ ಜಗಳ ಇಲ್ಲ, ಮಾತೇ ಇಲ್ವಲ್ಲ. ಮೂರು ದಿನದಲ್ಲಿ ನಮ್ಮಿಬ್ರಿಂದ ಒಂದು ದೂರು ಬಂದಿದ್ಯಾ?"

"ಬಂದಿಲ್ಲ," ಎಂದ ಗಂಬೀಜಾ, ಯೋಚಿಸಿ. ಡ್ರೈವರೂ ಅಡುಗೆಯವರೂ ಮೂರು ದಿನ ಕಿತ್ತಾಡದೆ ಇದ್ದದ್ದು ಅವನ ಕಂಪನಿಯಲ್ಲಿ ಇದೇ ಮೊದಲು. "ಆದ್ರೆ ಇನ್ನೊಂದ್ಸಲ ಬಿಟ್ಟು ಹೋದ್ರೆ?"

"ಹೋಗಲ್ಲ. ಅದಕ್ಕೆ ನಾನಿದೀನಿ. ಫೋನ್ ಇಡ್ಲಾ? ಹಿಟ್ಟು ಒಣಗ್ತಾ ಇದೆ. ಸಮುದ್ರ ನೋಡಿದ್ಮೇಲೆ ಫೋನ್ ಮಾಡ್ತೀನಿ."

ನೋಮ್ಯಾಟರ್ ಗಾಡಿಯ ಕೆಳಗೆ ಮಲಗಿಕೊಂಡೇ, ಗ್ರೀಸು ಮೆತ್ತಿದ ಅಂಗೈಗಳನ್ನು ಜೋಡಿಸಿ, ಸದ್ದಾಗದಂತೆ ಚಪ್ಪಾಳೆ ತಟ್ಟಿದ. ಹನ್ನೆಲೋರೆ ಬಗ್ಗಿ ನೋಡಿ ಕೇಳಿದಳು: "ಏನಾದ್ರೂ ತಲುಪಿಸಬೇಕಾ?"

"ಊಟ ಚೆನ್ನಾಗಿರತ್ತೆ ಅಂತ ಹೇಳಿ."

ಮೂರು ಹೆಜ್ಜೆ ಹೋಗಿ ಮೂರು ಹೆಜ್ಜೆ ಬಂದಳು. "ತಟ್ಟೆ ನೋಡಿದ್ರೆ ಗೊತ್ತಾಗತ್ತಂತೆ."

ಮಾರನೆಯ ಬೆಳಿಗ್ಗೆ ಡೇರೆಗಳನ್ನು ಮಡಚಿ ಗೂಡಿಗೆ ತುಂಬಿ ಎಲ್ಲರೂ ಹತ್ತಿದರು. ನೋಮ್ಯಾಟರ್ ಬಾಗಿಲಲ್ಲಿ ನಿಂತು ಬೆರಳೆತ್ತಿದ. ಒಂದು, ಎರಡು, ಟೋಪಿಯ ಕೆಳಗೆ ಆಗಲೇ ತೂಗುತ್ತಿದ್ದ ಹನ್ನೆಲೋರೆ ಏಳು, ಫೋನು ಹಿಡಿದ ಗ್ಯಾರೆತ್ ಹತ್ತು. ಹನ್ನೊಂದಕ್ಕೆ ಬಂದು ಬೆರಳು ನಿಂತಿತು. ಮಡಚಿ ಜೇಬಿಗೆ ಹಾಕಿಕೊಂಡ. ನೆಲ ನೋಡುತ್ತ ನಿಂತ. ಇವತ್ತು ಸಂಜೆಯವರೆಗೆ ನಿಲ್ಲಬೇಕಾದರೂ ಸರಿ, ಗೊತ್ತಾಗದೆ ಗಾಡಿ ಅಲ್ಲಾಡುವುದಿಲ್ಲ.

ಈರುಳ್ಳಿ ಮೂಟೆಯ ಹಿಂದಿನಿಂದ, ಕಿಟಕಿಯಾಚೆಯ ಒಂದು ಗಿಡವನ್ನು ಉದ್ದೇಶಿಸಿ, ದಪ್ಪನೆಯ ದನಿಯೊಂದು ಬಂತು.

"ಹನ್ನೆರಡು."

ಒಂಬತ್ತು ವರ್ಷದಲ್ಲಿ ಅತ್ತೆ ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಉತ್ತರ ಕೊಡುವಂತಿರಲಿಲ್ಲ. ನೋಮ್ಯಾಟರ್ ಓಡಿಹೋಗಿ ಸೀಟು ಹತ್ತಿ, ಎಂಜಿನ್ನಿನಿಂದ ಉತ್ತರ ಕೊಡಿಸಿದ.