ನಮ್ಮ ಹೊಲದಲ್ಲಿ ನೆಲದಾಳದ ಕರೆಂಟು ಅಳೆದಾಗ

ಆದಿವಾಲದ ನಮ್ಮ ಹೊಲಕ್ಕೆ ನೆಲದಾಳದ ಕರೆಂಟು ಅಳೆಯುವವರು ಬಂದಿದ್ದರು. ಗುಂಡಿ ತೋಡಿಕೊಟ್ಟವನು ನಾನೇ. ಯಂತ್ರ, ವೈರು ಎಲ್ಲ ಹೂತ ಮೇಲೆ ಅವರ ಮೇಡಂ ಹೇಳಿದರು, "ಯಜಮಾನ್ರೆ, ಬೆಳಗಿನ ತನಕ ಈ ಕಡೆ ಯಾರೂ ಓಡಾಡಬಾರದು. ಹೆಜ್ಜೆ ಇಟ್ಟರೂ ಯಂತ್ರಕ್ಕೆ ಗೊತ್ತಾಗುತ್ತೆ."

ಅಲ್ಲೇ ಬದುವಿನ ಪಕ್ಕ ನನ್ನ ಹೆಂಡತಿಯ ಸಮಾಧಿ ಐತೆ. ಸಂಜೆ ಅಲ್ಲಿ ದೀಪ ಹಚ್ಚದೆ ನಾನು ಉಣ್ಣುವುದಿಲ್ಲ. ಹಾಗಂತ ಹೇಳಿದೆ.

"ಒಂದಿನ ಬಿಡಕ್ಕಾಗಲ್ವಾ?"

"ಆಗಲ್ಲಮ್ಮ. ಅದು ಎಷ್ಟು ಆಳದ್ದು ಅಳೀತೈತೆ?"

"ಬೋರು ಹೋಗದಷ್ಟು ಆಳ. ಅಲ್ಲಿ ಕಲ್ಲು ಕಾದಿರುತ್ತೆ. ಕಲ್ಲಿನೊಳಗೆ ಚೂರು ನೀರಿನಂಶ ಇದ್ದರೆ ಕರೆಂಟು ಸಲೀಸಾಗಿ ಹರಿಯುತ್ತೆ."

"ಹಂಗಾದ್ರೆ ಅವಳು ಅಡ್ಡ ಬರಲ್ಲ ಬಿಡ್ರಿ. ಇಲ್ಲೇ ಆಳುದ್ದ ಕೆಳಗವಳೆ."

ಮೇಡಂ ನಗಲಿಲ್ಲ. "ಮೆಲ್ಲಗೆ ಹೋಗಿ ಬರ್ರಿ. ಆ ಹೊತ್ತಿನ ಅಳತೆ ತೆಗೆದುಹಾಕ್ತೀನಿ" ಅಂದರು.

ಸಂಜೆ ಬರಿಗಾಲಲ್ಲಿ ಹೋದೆ. ದೀಪ ಹಚ್ಚಿ, ಅವಳ ಹತ್ತಿರ ಒಂದೆರಡು ಮಾತಾಡಿದೆ. ಕೆಳಗೆಲ್ಲೋ ಕಾದ ಕಲ್ಲಿನೊಳಗೆ ನೀರಿದ್ದಿರಬೇಕು. ಅದರ ಮೇಲೆ ಹೊಲವೆಲ್ಲ ತೇಲಿದಂತಿತ್ತು.

ಬೆಳಗ್ಗೆ ಮೇಡಂ ಲ್ಯಾಪ್‌ಟಾಪಿನಲ್ಲಿ ಗೆರೆ ತೋರಿಸಿದರು. "ಇಲ್ಲಿ ಕುಣಿದದ್ದು ನಿಮ್ಮ ಹೆಜ್ಜೆ."

"ಅದಾದ ಮೇಲೆ ಸಣ್ಣಗೆ ಅಲುಗಿದ್ದು?"

"ಅದು ನೆಲದ್ದು."

ಇರಬಹುದು. ಬದುಕಿದ್ದಾಗ ನನ್ನಾಕೆ ಅಷ್ಟು ಮೆತ್ತಗೆ ಉತ್ತರ ಕೊಟ್ಟವಳೇ ಅಲ್ಲ.