ರೇಖೆಗಳಿಲ್ಲದ ಅಂಗೈ

ಕಾಕಾನ ಬಲ ಅಂಗೈಯಲ್ಲಿ ರೇಖೆಗಳಿರಲಿಲ್ಲ. ಸುಟ್ಟು ಮಾಗಿದ ಚರ್ಮ ನುಣ್ಣಗೆ, ಬಿಗಿಯಾಗಿ ಹೊಳೆಯುತ್ತಿತ್ತು. ರೊಟ್ಟಿ ಮುರಿಯಲು ಎಡಗೈಯ ನೆರವು ಬೇಕಾಗುತ್ತಿತ್ತು. ಗೋಳಗುಮ್ಮಟದ ಮುಂದೆ ಕೂರುವ ಕೈ ನೋಡುವವನೊಬ್ಬ ಅದನ್ನು ಹಿಡಿದು ನೋಡಿ ದಕ್ಷಿಣೆಯ ದುಡ್ಡು ತಿರುಗಿ ಕೊಟ್ಟಿದ್ದ.

ಅವರು ನಮ್ಮ ಬಳಗದವರಲ್ಲ. ಇಬ್ರಾಹಿಂಪುರ ಓಣಿಯಲ್ಲಿ ನಮ್ಮ ಪಕ್ಕದ ಮನೆಯವರು. ನಿಡೋಣಿ ಎಂಬ ಹಳ್ಳಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಹೊಲದ ಬಾವಿಯಲ್ಲಿ ಈಜು ಕಲಿತು, ನೌಕಾಪಡೆಯಲ್ಲಿ ದೊಡ್ಡ ಅಧಿಕಾರಿಯಾಗಿ, ಶೌರ್ಯಪದಕ ಪಡೆದು ನಿವೃತ್ತರಾಗಿ ಬಂದಿದ್ದರು. ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸಮುದ್ರ ಆಳಿದವರಿಗೆ ಓಣಿಯ ನಳ ಆಳುವುದಾಗಲಿಲ್ಲ. ನೀರು ಬಿಟ್ಟ ದಿನ ಕೊಡ ಹಿಡಿದು ಪಾಳಿಯಲ್ಲಿ ನಿಂತರೆ ಹೆಂಗಸರು, "ಕಾಕಾ, ಹಡಗ ತಂದೀರೇನ್ರಿ ತುಂಬ್ಕೊಳ್ಳಾಕ?" ಎಂದು ಕಾಡಿಸುತ್ತಿದ್ದರು. ಅವರೂ ನಗುತ್ತಿದ್ದರು.

ಒಂದು ಮಾತ್ರ ವಿಚಿತ್ರ. ಮನೆಯ ಬಾಗಿಲನ್ನು ಅವರು ಎಂದೂ ಮುಚ್ಚುತ್ತಿರಲಿಲ್ಲ. ಬಿಸಿಗಾಳಿ ಬೀಸಲಿ, ರೈಲು ಹಳಿಯ ಕಡೆಯಿಂದ ಧೂಳು ನುಗ್ಗಲಿ, ತೆರೆದದ್ದು ತೆರೆದೇ. ಕಳ್ಳರ ಮಾತು ತೆಗೆದರೆ, "ಬರ್ಲಿ ಬಿಡೋ. ಒಳಗ ಬಂದವರಿಗೆ ಹೊರಗ ಹೋಗಾಕ ದಾರಿ ಇರಬೇಕು" ಎನ್ನುತ್ತಿದ್ದರು.

ಪದಕದ ಕತೆ ಎಲ್ಲರಿಗೂ ಗೊತ್ತಿತ್ತು. ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿತ್ತು, ಇವರು ಕೈ ಸುಟ್ಟುಕೊಂಡು ಹಡಗು ಉಳಿಸಿದರು, ಒಳಗಿದ್ದ ನಾವಿಕನೊಬ್ಬ ಸತ್ತ. ಸತ್ತವನು ತಿಕೋಟಾ ಕಡೆಯ ಹುಡುಗ; ಕಾಕಾನನ್ನು ನೋಡಿಯೇ ನೌಕಾಪಡೆ ಸೇರಿದವನು. ಅವನು ಹೋದ ದಿನಕ್ಕೆ ಪ್ರತಿವರ್ಷ ಕಾಕಾ ಅವನ ತಾಯಿಯ ಮನೆಗೆ ಹೋಗುತ್ತಿದ್ದರು. ನನ್ನದು ಬಾಡಿಗೆ ಕಾರು, ನಾನೇ ಕರೆದೊಯ್ಯುತ್ತಿದ್ದೆ. ಆಕೆ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಬಡಿಸಿ ಪ್ರತಿಸಲ ಅದೇ ಮಾತು ಕೇಳುತ್ತಿದ್ದಳು: "ನನ್ನ ಮಗಾ ತ್ರಾಸ ಪಟ್ಟನೇನ್ರಿ, ಸಾಹೇಬ್ರ?"

"ಇಲ್ಲ ಬೇ ಯವ್ವಾ. ಕಣ್ಣು ಮುಚ್ಚಿ ತೆರಿಯೂದ್ರಾಗ ಆತು."

ಒಂದು ವರ್ಷ ನಿಡೋಣಿಯ ಹಿರಿಯರು ಕಾಕಾಗೆ ಸನ್ಮಾನ ಇಟ್ಟುಕೊಂಡರು. ನಮ್ಮ ಕಡೆ ಪ್ರೀತಿ ಹೆಚ್ಚಾದರೆ ಮೊದಲು ಶಾಲು ಬರುತ್ತದೆ, ಆಮೇಲೆ ಮೈಕು. ಒಳ್ಳೆಯದಾಗಲೆಂದೇ, ಯಾರನ್ನೂ ಕೇಳದೆ, ಶಾಲು ಹೊದಿಸಲು ಆ ತಾಯಿಯನ್ನೇ ಕರೆಸಿದ್ದರು. ಆಕೆ ಶಾಲು ಬಿಚ್ಚಿ ಹತ್ತಿರ ಬಂದಾಗ ಕಾಕಾ ಆಕೆಯ ಕೈ ತಡೆದರು. ಮೈಕಿನಲ್ಲಿ ಎಲ್ಲರಿಗೂ ಕೇಳಿತು.

"ಹೊಚ್ಚಬ್ಯಾಡ ಯವ್ವಾ. ಆ ಕೋಣಿ ಬಾಗಲಾ ಮುಚ್ಚಿದಾಂವ ನಾನ. ಮುಚ್ಚಲಿಲ್ಲಂದ್ರ ಬೆಂಕಿ ಮದ್ದುಗುಂಡಿನ ಕೋಣಿಗೆ ಹೋಗಿ ಎಲ್ಲಾರೂ ಸಾಯ್ತಿದ್ರು. ಬ್ಯಾರೇದವರ ಕೈಲೆ ಮುಚ್ಚಸಾಕ ಮನಸಾಗಲಿಲ್ಲ. ಹಿಡಿಕಿ ಕಾದು ಅಂಗೈಗೆ ಅಂಟಿತ್ತು, ಆದ್ರೂ ಬಿಡಲಿಲ್ಲ. ಒಳಗಿಂದ ನಿನ್ನ ಮಗಾ ಬಡ್ಯಾಕತ್ತಿದ್ದ."

"ಭಾಳ ಹೊತ್ತು ಬಡದನೇನ್ರಿ?"

"ಹೌದವ್ವಾ."

ಆಕೆ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ವೇದಿಕೆ ಇಳಿದು ಹೋದಳು. ಚಪ್ಪಾಳೆ ತಟ್ಟಲು ಕೂತಿದ್ದ ಜನಕ್ಕೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ನನಗೆ ಆ ಹಿರಿಯರ ಮೇಲೆ ಕೆಟ್ಟ ಸಿಟ್ಟು ಬಂತು. ಕಾಕಾನ ಮೇಲೂ ಬಂತು. ಆ ಸುಳ್ಳನ್ನು ನಂಬಿ ತಾಯಿ ಹೇಗೋ ಬದುಕಿದ್ದಳಲ್ಲ. ಕಾರಿನಲ್ಲಿ ವಾಪಸ್ಸು ಬರುವಾಗ, ಬಬಲೇಶ್ವರ ದಾಟಿದ ಮೇಲೆ ಕೇಳಿಯೇ ಬಿಟ್ಟೆ: "ಯಾಕ್ರಿ ಹೇಳಿದ್ರಿ?"

"ಸುಳ್ಳು ಹೇಳಿ ಆಕಿ ರೊಟ್ಟಿ ತಿಂದೆ. ಆಕಿ ಕೈಲೆ ಶಾಲೂ ಹೊಚ್ಚಿಗೊಂಡ್ರ ಹ್ಯಾಂಗೋ?" ಎಂದರು.

ಆಮೇಲೆಯೂ ಪ್ರತಿವರ್ಷ ಹೋದರು. ನಮ್ಮ ಕಾರು ಕಂಡರೆ ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಾಕಾ ಕಟ್ಟೆಯ ಮೇಲೆ ಕೂತಿದ್ದು, ಹೊತ್ತು ಇಳಿದ ಮೇಲೆ ಎದ್ದು ಬರುತ್ತಿದ್ದರು. ಒಮ್ಮೆಯೂ ಬಾಗಿಲು ಬಡಿಯಲಿಲ್ಲ. ಬಿಸಿಲಲ್ಲಿ ಕೂತ ಆ ಬೆನ್ನನ್ನು ನಾನು ಕಾರಿನೊಳಗಿಂದ ನೋಡುತ್ತಿದ್ದೆ.

ಈ ವರ್ಷ ಆ ದಿನ ಬಂದಾಗ ಕಾಕಾ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದರು. "ಗಾಡಿ ತಗಿಯೋ" ಎಂದರು. ಡಾಕ್ಟರು ಬಿಡಲಿಲ್ಲ. ವಾರದೊಳಗೆ ತೀರಿಕೊಂಡರು.

ನೌಕಾಪಡೆಯವರು ಬಂದು ಧ್ವಜ ಹೊದಿಸಿದ್ದರು. ಸುದ್ದಿ ಕೇಳಿ ಆ ತಾಯಿಯೂ ಬಸ್ಸು ಹಿಡಿದು ಬಂದಳು. ಪಕ್ಕದಲ್ಲಿ ಕೂತು, ಧ್ವಜದ ಅಂಚು ಸರಿಸಿ, ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅಂಗೈ ಸವರಿದಳು. ಸಾಹೇಬ್ರ ಎನ್ನಲಿಲ್ಲ.

"ಯಪ್ಪಾ, ಈ ಸಲ ಬಾಗಲಾ ತಗದ ಇಟ್ಟಿದ್ದೆ," ಎಂದಳು. "ರೊಟ್ಟಿನೂ ಮಾಡಿದ್ದೆ. ನೀನ ಬರಲಿಲ್ಲ."